ಬುಟ್ಟಿ ಒಬ್ಬರಿಗೆ, ಬೆಂಚು ಎಲ್ಲರಿಗೆ

ಶಾಲೆ ತೆರೆಯುವ ದಿನ ಹತ್ತಿರ ಬಂತೆಂದರೆ ತಾಯ್ತಂದೆಯರ ಎದೆ ಡವಗುಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಕೆನ್ಯಾದ ರಾಜಧಾನಿ ನೈರೋಬಿಯಿಂದ ಆಗ್ನೇಯಕ್ಕೆ ಹೋದರೆ ಮಚಾಕೋಸ್, ಕಿಟುಯಿ, ಮಕುವೇನಿ ಎಂಬ ಸೀಮೆಗಳು ಸಿಗುತ್ತವೆ. ಅದು ಕಂಬಾ ಜನರ ನಾಡು. ವರ್ಷಕ್ಕೆ ಎರಡು ಮಳೆಗಾಲ, ಎರಡೂ ಕೈಕೊಡುವುದುಂಟು. ಮೆಕ್ಕೆಜೋಳ ಒಣಗಿ ನಿಂತರೂ ಇಲ್ಲಿನವರ ಕೈ ಸುಮ್ಮನಿರುವುದಿಲ್ಲ. ಹೆಂಗಸರು ಬುಟ್ಟಿ ಹೆಣೆಯುತ್ತಾರೆ, ಗಂಡಸರು ಮರದಲ್ಲಿ ಆನೆ, ಜಿರಾಫೆ ಕೆತ್ತುತ್ತಾರೆ. ಆದರೆ ಶಾಲೆಯ ಗುಮಾಸ್ತರ ಮೇಜಿನ ಮೇಲೆ ಬುಟ್ಟಿ ಇಟ್ಟರೆ ಅವರು ರಸೀದಿ ಹರಿದು ಕೊಡುವುದಿಲ್ಲವಲ್ಲ! ಮನೆ ತುಂಬ ಮಾಲು, ಕೈಯಲ್ಲಿ ಕಾಸಿಲ್ಲ. ಈ ಬಿಕ್ಕಟ್ಟಿನಿಂದ ಪಾರಾಗಲು ಊರವರೇ ಕೂಡಿ ಬಳಸುವ ಉಪಾಯಗಳಲ್ಲಿ ಒಂದು, ಸಹಾಯಾರ್ಥ ಚೀಟಿ ಎತ್ತುವ ರ‍್ಯಾಫಲ್.

ಮೊದಲು ಆ ಬುಟ್ಟಿಯ ವಿಷಯ. ಅದರ ಹೆಸರು ಕಿಯೊಂಡೊ. ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ, ಬಣ್ಣ ಕಟ್ಟಿ, ತಳದಿಂದ ಆರಂಭಿಸಿ ಸುತ್ತು ಸುತ್ತಾಗಿ ಮೇಲಕ್ಕೆ ಹೆಣೆಯುತ್ತಾರೆ. ಹಿಂದೆ ಬಾವೊಬಾಬ್ ಮರದ ತೊಗಟೆಯ ನಾರನ್ನೂ ಬಳಸುತ್ತಿದ್ದರು. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ದೈತ್ಯ ಮರಗಳನ್ನು ನೋಡಿದವರಿಗೆ ಬಾವೊಬಾಬ್ ಹೊಸದಲ್ಲ; ಅವು ಆಫ್ರಿಕ ಮೂಲದವೇ. ಕತ್ತಾಳೆ ಮಾತ್ರ ಅಲ್ಲಿನದಲ್ಲ. ಮೆಕ್ಸಿಕೊದ ಆ ಗಿಡವನ್ನು 1893ರಲ್ಲಿ ಪೂರ್ವ ಆಫ್ರಿಕಕ್ಕೆ ತಂದವರು ಜರ್ಮನರು. ನೀರು ಹೊರುವುದು, ಹೊಲ, ಅಡುಗೆ, ಕೂಸು ಎಲ್ಲದರ ನಡುವೆ ಹೆಣಿಗೆ ಸಾಗಬೇಕಾದ್ದರಿಂದ ಒಂದು ಒಳ್ಳೆಯ ಬುಟ್ಟಿಗೆ ವಾರಗಟ್ಟಲೆ ಹಿಡಿಯುತ್ತದೆ. ಸಂತೆಗೆ ನಡೆದು ಹೋಗುತ್ತಲೇ ಬೆರಳಾಡಿಸುವವರೂ ಉಂಟು.

ಮರದ ಕೆತ್ತನೆಯ ಕಥೆ ಬೇರೆ. ವಮುನ್ಯು ಎಂಬ ಊರಿನ ಮುತಿಸ್ಯಾ ಮುಂಗೆ ಮೊದಲನೇ ಮಹಾಯುದ್ಧದ ಕಾಲದಲ್ಲಿ ಟ್ಯಾಂಗನಿಕಕ್ಕೆ ಹೋಗಿ ಅಲ್ಲಿನವರಿಂದ ಈ ವಿದ್ಯೆ ಕಲಿತು ಬಂದನೆಂದು ಹೇಳುತ್ತಾರೆ. ಕೆತ್ತನೆಗೆ ಬೇಕಾದ ಕಪ್ಪು ಮರ ಬೆಳೆಯಲು ದಶಕಗಳು ಬೇಕು. ಅದು ಅಪರೂಪವಾದ ಮೇಲೆ ಅನೇಕರು ಬೇವಿಗೆ ಕೈಹಾಕಿದರು. ಬೇವು ಅಲ್ಲಿಗೆ ಹೋದದ್ದು ಭಾರತದ ಕಡೆಯಿಂದ. ಸ್ವಾಹಿಲಿಯಲ್ಲಿ ಅದಕ್ಕೆ ಮ್ವಾರೊಬೈನಿ, ಅಂದರೆ ನಲವತ್ತರ ಮರ, ಎಂದು ಹೆಸರು; ನಲವತ್ತು ಕಾಯಿಲೆಗಳಿಗೆ ಮದ್ದಂತೆ.

ಬುಟ್ಟಿಯಾಗಲಿ ಬೇವಿನ ಆನೆಯಾಗಲಿ, ಒಳ್ಳೆಯ ಬೆಲೆ ಕೊಡುವವರು ಪ್ರವಾಸಿಗರು. 1998ರಲ್ಲಿ ನೈರೋಬಿಯ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಬಾಂಬ್ ಸಿಡಿದಾಗ, 2007ರ ಕೊನೆಯ ಚುನಾವಣೆಯ ಬೆನ್ನಿಗೆ ಗಲಭೆ ಎದ್ದಾಗ, 2020ರಲ್ಲಿ ಕೊರೊನಾ ಬಂದಾಗ ಅವರು ಬರಲಿಲ್ಲ. ಮಾಲು ಮೂಲೆ ಸೇರಿತು. ಶಾಲೆಯ ಫೀಸು ಮಾತ್ರ ಯಾವ ವರ್ಷವೂ ಕಾಯಲಿಲ್ಲ.

ಹಾಗಾದರೆ ರ‍್ಯಾಫಲ್ ಮಾಡುವುದೇನು? ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ದಲ್ಲಾಳಿ 500 ಶಿಲಿಂಗ್ ಕೊಡಬಹುದಾದ ಬುಟ್ಟಿಯನ್ನು ಒಬ್ಬಾಕೆ ಬಹುಮಾನಕ್ಕೆಂದು ಕೊಡುತ್ತಾಳೆ. ತಲಾ 20 ಶಿಲಿಂಗಿನ 100 ಚೀಟಿಗಳು ಮಾರಾಟವಾದರೆ ಕೂಡುವುದು 2,000. ಬುಟ್ಟಿ ಒಬ್ಬರ ಪಾಲು, ಹಣ ಶಾಲೆಯ ಪಾಲು. ಸಂಭವನೀಯತೆಯ ಪಾಠ ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಇನ್ನೊಂದು ರೀತಿಯಲ್ಲಿ ನೋಡಬಹುದು. ನೂರರಲ್ಲಿ ಒಂದು ಅವಕಾಶವಿರುವ 500ರ ಬಹುಮಾನದ ಸರಾಸರಿ ಬೆಲೆ ಚೀಟಿಗೆ 5 ಶಿಲಿಂಗ್. ಕೊಟ್ಟದ್ದು 20. ಉಳಿದ 15 ಶಿಲಿಂಗ್ ದಾನವೇ. 500 ಶಿಲಿಂಗ್ ದಾನ ಮಾಡಲಾರದ ನೆರೆಯವಳಿಗೆ 20ರ ಚೀಟಿ ಭಾರವಾಗದು. ಪಡೆಯುವ ಮಗುವೂ ಯಾರೊಬ್ಬರ ಹಂಗಿಗೆ ಬೀಳುವುದಿಲ್ಲ. ನನಗೆ ಈ ಪದ್ಧತಿಯಲ್ಲಿ ಬಹಳ ಹಿಡಿಸಿದ್ದು ಇದೇ.

ಚೀಟಿಯ ಜೊತೆಗೆ ಹರಾಜೂ ನಡೆಯುವುದುಂಟು, ಅದು ಇನ್ನೂ ಸ್ವಾರಸ್ಯ. ಒಂದು ಕೋಳಿಯನ್ನು ಕೂಗುತ್ತಾರೆ. ಗೆದ್ದವರು ಹಣ ಕೊಟ್ಟು ಕೋಳಿಯನ್ನು ಅಲ್ಲೇ ಹಿಂದಿರುಗಿಸುತ್ತಾರೆ, ಮತ್ತೆ ಕೂಗು. ಹೀಗೆ ಒಂದೇ ಕೋಳಿ ನಾಲ್ಕಾರು ಸಲ ಮಾರಾಟವಾಗಿ, ಸಂಜೆ ಮುಖ್ಯ ಅತಿಥಿಯ ಕೈ ಸೇರುತ್ತದೆ. ಕೋಳಿಯ ಅಭಿಪ್ರಾಯ ಕೇಳಿದವರಿಲ್ಲ.

ಇಂಥ ಕೂಟಕ್ಕೆ ಕೆನ್ಯಾದಲ್ಲಿ ಹರಾಂಬೆ ಎಂದು ಹೆಸರು. ಎಲ್ಲರೂ ಕೂಡಿ ಎಳೆಯೋಣ ಎಂದು ಅರ್ಥ. 1896ರಿಂದ ಮೊಂಬಾಸಾ ರೈಲು ಹಾದಿ ಕಟ್ಟಲು ಹೋದ ಭಾರತೀಯ ಕೂಲಿಗಳು ಕಂಬಿ ಎತ್ತುವಾಗ ‘ಹರ ಅಂಬೆ’ ಎನ್ನುತ್ತಿದ್ದರು, ಅದರಿಂದಲೇ ಈ ಪದ ಹುಟ್ಟಿತು ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದೆ. ಕೇಳಲು ಸೊಗಸು, ಪುರಾವೆ ಸಾಲದು. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೋ ಕೆನ್ಯಾಟ್ಟಾ ಇದನ್ನು ದೇಶದ ಘೋಷಣೆಯಾಗಿಸಿದರು; ರಾಷ್ಟ್ರಲಾಂಛನದಲ್ಲಿ ಇಂದಿಗೂ ಈ ಪದವಿದೆ. ಸರ್ಕಾರದ ಬೊಕ್ಕಸ ಸಾಲದಿದ್ದ ಆ ಕಾಲದಲ್ಲಿ ಊರವರು ತಾವೇ ಕಟ್ಟಿದ ಪ್ರೌಢಶಾಲೆಗಳಿಗೆ ಹರಾಂಬೆ ಶಾಲೆಗಳೆಂದೇ ಹೆಸರಾಯಿತು. 1985ರಲ್ಲಿ ಹೊಸ ಶಿಕ್ಷಣ ಪದ್ಧತಿ ಬಂದು ಕರಕುಶಲ, ಮರಗೆಲಸ, ಗೃಹವಿಜ್ಞಾನ ಪಠ್ಯಕ್ಕೆ ಸೇರಿದವು. ಅದಕ್ಕೆ ಬೇಕಾದ ಕೊಠಡಿ, ಉಪಕರಣಗಳ ಖರ್ಚಿನ ಹೆಚ್ಚು ಹೊರೆ ಬಿದ್ದದ್ದು ಪೋಷಕರ ಮೇಲೆ. ಮನೆಯಲ್ಲಿ ತಾಯಿ ಹೆಣೆಯುವುದನ್ನು ನೋಡುತ್ತ ಬೆಳೆದ ಮಗು ಶಾಲೆಯಲ್ಲಿ ಕರಕುಶಲ ಕಲಿಯಲೆಂದು ತಾಯಿ ಬುಟ್ಟಿ ಮಾರಿ ಕೊಠಡಿ ಕಟ್ಟಿಸಬೇಕಾಯಿತು!

ಎಲ್ಲವೂ ಚೆನ್ನಾಗಿಯೇ ನಡೆಯಿತೆಂದರೆ ಸುಳ್ಳಾಗುತ್ತದೆ. ಮುಖ್ಯ ಅತಿಥಿಗಳಾಗಿ ಬಂದ ರಾಜಕಾರಣಿಗಳು ನೋಟಿನ ಕಂತೆ ಎತ್ತಿ ತೋರಿಸಿ ಮತ ಕೊಳ್ಳುವುದು ರೂಢಿಯಾಯಿತು. ಅಧಿಕಾರಿಗಳು ಬಲವಂತದಿಂದ ವಂತಿಗೆ ಎತ್ತಿದರು. ಕೊಡದವರ ಕೋಳಿ, ಮೇಕೆಗಳನ್ನು ಹಿಡಿದೊಯ್ದದ್ದೂ ಉಂಟು. ಕಡೆಗೆ 2003ರಲ್ಲಿ ಸರ್ಕಾರಿ ಹುದ್ದೆಯಲ್ಲಿರುವವರು ಹರಾಂಬೆಯ ಹಣ ಎತ್ತುವುದಕ್ಕೆ ಕಾನೂನು ಕಡಿವಾಣ ಹಾಕಿತು. ಅದೇ ವರ್ಷ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಪ್ರೌಢಶಾಲೆಯ ಬೋಧನಾ ಶುಲ್ಕದ ಹೊರೆ 2008ರಿಂದ ಇಳಿಯಿತು. ಆದರೂ ವಸತಿ, ಸಮವಸ್ತ್ರ, ಕಾಲೇಜು ಎಂದು ಖರ್ಚಿನ ಪಟ್ಟಿ ಮುಗಿದಿಲ್ಲ, ಹರಾಂಬೆಯೂ ನಿಂತಿಲ್ಲ. ನಗರದಲ್ಲಿರುವ ಬಂಧುಗಳು ಈಗ ಮೊಬೈಲಿನಲ್ಲಿ, 2007ರಲ್ಲಿ ಬಂದ ಎಂಪೇಸಾ ಮೂಲಕ ಹಣ ಕಳಿಸುತ್ತಾರೆ.

ಆದರೆ ಅದೇ ಮೊಬೈಲು ಇನ್ನೊಂದು ಕಾಟವನ್ನೂ ತಂದಿದೆ: ಫುಟ್ಬಾಲ್ ಪಂದ್ಯಗಳ ಮೇಲಿನ ಬಾಜಿ. ಕಾಲೇಜಿಗೆಂದು ಮನೆಯವರು ಕಳಿಸಿದ ಹಣವನ್ನು ಅದರಲ್ಲಿ ಕಳೆದುಕೊಂಡ ಹುಡುಗರ ಸುದ್ದಿ ಕೆನ್ಯಾದಲ್ಲಿ ಹೊಸದಲ್ಲ. ಹಾಗಿದ್ದರೆ ರ‍್ಯಾಫಲ್ ಕೂಡ ಜೂಜಲ್ಲವೇ ಎಂದು ಪೋಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡರಲ್ಲೂ ಅದೃಷ್ಟವಿದೆ, ಸೋಲುವವರೇ ಹೆಚ್ಚು. ಬಾಜಿಯಲ್ಲಿ ಸೋತ ಹಣ ಎಲ್ಲಿ ಹೋಯಿತೆಂದು ಸೋತವನಿಗೆ ಕಾಣುವುದಿಲ್ಲ. ಇಲ್ಲಿ ಬುಟ್ಟಿ ಸಿಗದೆ ಮನೆಗೆ ಹೋದವಳ ಮಗಳೇ ಮರುದಿನ ಹೊಸ ಬೆಂಚಿನ ಮೇಲೆ ಕೂರುತ್ತಾಳೆ.

ಅದಕ್ಕೇ ಕಂಬಾ ಹೆಂಗಸರು ಲೆಕ್ಕದ ವಿಷಯದಲ್ಲಿ ಕಟ್ಟುನಿಟ್ಟು. ಅವರಿಗೆ ಅದರ ಅಭ್ಯಾಸ ಹಳೆಯದು. ಗುಂಪು ಕಟ್ಟಿಕೊಂಡು ಒಬ್ಬರ ಹೊಲದಲ್ಲಿ ಎಲ್ಲರೂ ದುಡಿಯುವ ಪದ್ಧತಿಗೆ ಅವರಲ್ಲಿ ಮ್ವೆಥ್ಯಾ ಎನ್ನುತ್ತಾರೆ. ಮಚಾಕೋಸಿನ ಬೋಳು ಗುಡ್ಡಗಳಿಗೆ ಮೆಟ್ಟಿಲು ಬದು ಹಾಕಿ ಮಣ್ಣು ಉಳಿಸಿದ್ದರಲ್ಲಿ ಈ ಗುಂಪುಗಳ ಪಾಲು ದೊಡ್ಡದು. ತಿಂಗಳ ಚೀಟಿಯ ಗುಂಪುಗಳೂ ಇವೆ, ನಮ್ಮ ಬೀದಿಯ ಚೀಟಿಯ ಹಾಗೆಯೇ. ಅದರಲ್ಲಿ ಸರದಿ ಯಾರದೆಂದು ನಿರ್ಧರಿಸಲೂ ಚೀಟಿ ಎತ್ತುವುದುಂಟು, ಆದರೆ ಕೊನೆಗೆ ಪ್ರತಿಯೊಬ್ಬಳಿಗೂ ಹಣ ಸಿಗುತ್ತದೆ. ರ‍್ಯಾಫಲ್‌ನಲ್ಲಿ ಹಾಗಿಲ್ಲ. ಅದಕ್ಕಾಗಿ ಅಲ್ಲಿ ನಂಬಿಕೆ ಇನ್ನೂ ಹೆಚ್ಚು ಬೇಕು. ಮಾರಿದ ಚೀಟಿ ಎಷ್ಟು, ಬಂದ ಹಣ ಎಷ್ಟು ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಓದಿದ್ದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಅದಾದ ಮೇಲೆಯೇ ಕಣ್ಣು ಮುಚ್ಚಿಕೊಂಡ ಪುಟ್ಟ ಕೈಯೊಂದು ಬುಟ್ಟಿಯೊಳಗೆ ಇಳಿಯುವುದು.