ಹಳೆಯ ಕೈಗಡಿಯಾರ ಕೊಳ್ಳುವ ಮುನ್ನ

ಗಂಟೆ ಎಷ್ಟೆಂದು ತಿಳಿಯಲು ಇಂದು ಗಡಿಯಾರವೇ ಬೇಕೆಂದಿಲ್ಲ, ಮೊಬೈಲ್ ಸಾಕು. ಆದರೂ ಹಳೆಯ ಕೀಲಿ ಗಡಿಯಾರಗಳನ್ನು ಕೂಡಿಡುವ ಹವ್ಯಾಸ ನಮ್ಮ ಕಿರಿಯರಲ್ಲಿ ಬೆಳೆಯುತ್ತಿದೆ. ಹವ್ಯಾಸ ಒಳ್ಳೆಯದೇ. ಆದರೆ ತಿಳಿವಳಿಕೆ ಇಲ್ಲದೆ ಇಳಿದರೆ ಕಷ್ಟಪಟ್ಟು ಗಳಿಸಿದ ಹಣ ನೀರುಪಾಲಾದೀತು. ಆದ್ದರಿಂದ ಈ ನಾಲ್ಕು ಮಾತು.

ಸಭೆ ಸಮಾರಂಭಗಳಿಗೆ ಧರಿಸುವ ಗಡಿಯಾರವೆಂದರೆ ತೆಳ್ಳಗೆ, ಅಂಗಿಯ ತೋಳಿನಡಿ ಸರಿದುಹೋಗುವಂಥದು. ಚರ್ಮದ ಪಟ್ಟಿ, ಆಡಂಬರವಿಲ್ಲದ ಮುಖ. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ 1932ರಲ್ಲಿ ಹೊರತಂದ ಕಲಾತ್ರಾವ ಈ ಬಗೆಗೆ ಮಾದರಿಯಾಯಿತು. ಅದರ ಅಗಲ ಬರೀ 31 ಮಿಲಿಮೀಟರ್. ಹಳೆಯದೆಂದು ತೋರಿಸುವ ಗಡಿಯಾರ ಇಂದಿನವುಗಳಂತೆ ದೊಡ್ಡದಾಗಿದ್ದರೆ ಅಲ್ಲೇ ಸಂಶಯಪಡಬಹುದು.

ಫರೀದಾಬಾದಿನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಕೆಂಪುಕೋಟೆಯ ಬಳಿ ಇಳಿಯಬಹುದು. ಅಲ್ಲಿಂದ ಚಾಂದನಿ ಚೌಕ ನಡೆದು ಹೋಗುವಷ್ಟು ದೂರ. ಇಂಥ ಪೇಟೆಗಳಲ್ಲಿ ಹೊಳೆಹೊಳೆಯುವ ಹಳೆಯ ಒಮೆಗಾ, ಫಾವ್ರ್-ಲ್ಯೂಬಾಗಳನ್ನು ಕಂಡು ಮನಸ್ಸು ಕರಗುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಐವತ್ತು ಅರವತ್ತು ವರ್ಷ ಬೆವರು, ಮಳೆ, ಬಿಸಿಲು ಕಂಡ ಗಡಿಯಾರದ ಮುಖ ಹೊಸದರಂತೆ ಹೊಳೆಯುವುದು ಅಪರೂಪ. ಹೊಳೆಯುತ್ತಿದೆಯೆಂದರೆ ಬಹುಮಟ್ಟಿಗೆ ಅದಕ್ಕೆ ಮತ್ತೆ ಬಣ್ಣ ಬಳಿದಿರುತ್ತಾರೆ. ಮೊದಲು ಇದು ಮೋಸವಾಗಿರಲಿಲ್ಲ. ಮುಖ ಮಾಸಿದಾಗ ಮಾಡಿಸುವ ಸಾಮಾನ್ಯ ರಿಪೇರಿಯಾಗಿತ್ತು. ಈಗ ಅದನ್ನೇ 'ಅಸಲು' ಎಂದು ಮಾರುವುದರಿಂದ ಮೋಸವಾಗಿದೆ. ಹೊರದೇಶದ ಸಂಗ್ರಹಕಾರರು ಇಂಥವನ್ನು 'ಮುಂಬಯಿ ಸ್ಪೆಷಲ್' ಎಂದು ಕರೆದು ದೂರವಿಡುತ್ತಾರೆ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಮುಖ. ಭೂತಗನ್ನಡಿಯಿಂದ ಅಕ್ಷರಗಳನ್ನು ನೋಡಬೇಕು. ಕಾರ್ಖಾನೆಯ ಅಕ್ಷರ ಕೂದಲೆಳೆಯಷ್ಟು ನುಣುಪು. ಮತ್ತೆ ಬರೆದದ್ದು ದಪ್ಪ, ಅಂಚು ಹರಡಿದ್ದು, ಕೆಲವೊಮ್ಮೆ ಸಾಲೇ ಓರೆ. ಎರಡನೆಯದು ಕೇಸು. ಚಿನ್ನವೆಂದು ಹೇಳಿದರೆ ಮುದ್ರೆ ಎಲ್ಲಿ ಎಂದು ಕೇಳಿ. 18 ಕ್ಯಾರೆಟ್ಟಿಗೆ '750' ಎಂಬ ಅಂಕಿ ಉಂಟು. 1995ಕ್ಕೆ ಹಿಂದಿನ ಸ್ವಿಸ್ ಕೇಸುಗಳಲ್ಲಿ ಹೆಲ್ವೇಷಿಯಾ ಎಂಬ ಸ್ತ್ರೀಯ ಮುಖದ ಪುಟ್ಟ ಮುದ್ರೆಯೂ ಸಾಮಾನ್ಯ. '20 ಮೈಕ್ರಾನ್' ಎಂದಿದ್ದರೆ ಅದು ಚಿನ್ನವಲ್ಲ, ಚಿನ್ನದ ಲೇಪ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಳಗಿನ ಯಂತ್ರ. ಹಿಂಬದಿ ತೆರೆಸಿ ನೋಡದೆ ಒಂದು ಕಾಸನ್ನೂ ಕೊಡಬಾರದು. ಒಮೆಗಾದಂಥ ಕಂಪನಿಗಳು ಯಂತ್ರದ ಮೇಲೆಯೇ ಹೆಸರು ಕೆತ್ತಿಸುತ್ತಿದ್ದವು. ಮುಖದ ಮೇಲೆ ಒಂದು ಹೆಸರು, ಒಳಗೆ ಇನ್ನೊಂದಾದರೆ ಕೈ ಮುಗಿದು ಹೊರಡಿ. ತೆರೆಯಲು ಒಲ್ಲೆನೆನ್ನುವ ವ್ಯಾಪಾರಿಯ ಬಳಿ ನಮಗೇನೂ ಕೆಲಸವಿಲ್ಲ.

ಕೊನೆಯದಾಗಿ ನಡಿಗೆ. ಪೂರ್ತಿ ಕೀಲಿ ಕೊಟ್ಟು ಒಂದು ದಿನ ಮುಖ ಮೇಲಾಗಿ, ಇನ್ನೊಂದು ದಿನ ಮುಖ ಕೆಳಗಾಗಿ ಇಟ್ಟು ನೋಡುವ ಅವಕಾಶ ಕೇಳಬೇಕು. ಮುಖ ಮತ್ತೆ ಬರೆದದ್ದೆಂದು ತಿಳಿದುಬಂದರೆ ಹಿಂದಕ್ಕೆ ಪಡೆಯುವುದಾಗಿ ರಸೀತಿಯಲ್ಲಿ ಬರೆಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಕಲಿಯಲು ದುಬಾರಿಯ ಸ್ವಿಸ್ ಗಡಿಯಾರವೇ ಬೇಕಿಲ್ಲ. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಒಳ್ಳೆಯ ಪಾಠಶಾಲೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅಲ್ಲಿ ಗಡಿಯಾರ ತಯಾರಿಕೆ ಮೊದಲಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಚಿನ್ನದ ಲೇಪದ ತೆಳ್ಳನೆಯ ಸೋನಾ, ತಾನೇ ಕೀಲಿ ತಿರುಗುವ ಕಾಂಚನ, ಇವುಗಳ ಹೆಸರು ಕೇಳದ ಕನ್ನಡಿಗರಾರು? ಅಳಿಯನಿಗೆ ಎಚ್.ಎಂ.ಟಿ. ಕೊಡುವುದು ಒಂದು ಕಾಲಕ್ಕೆ ಮರ್ಯಾದೆಯ ಮಾತಾಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಇವುಗಳ ಬೇಡಿಕೆ ಏರಿತು. ಜೊತೆಗೆ, ಬಿಡಿಭಾಗಗಳನ್ನು ಕೂಡಿಸಿ, ಕಾರ್ಖಾನೆ ಎಂದೂ ಹೊರತರದ ಬಣ್ಣದ ಮುಖ ಹಚ್ಚಿ ಮಾರುವವರೂ ಹುಟ್ಟಿಕೊಂಡರು. ಆದ್ದರಿಂದ ಇಲ್ಲಿಯೂ ಮೇಲಿನ ಪರೀಕ್ಷೆಗಳೇ ಅನ್ವಯ.

ಒಂದು ಮಾತು ಮನೆಯವರಿಗೆ. ಪೇಟೆಗೆ ಹೋಗುವ ಮೊದಲು ನಿಮ್ಮ ಟ್ರಂಕು, ಬೀರುಗಳನ್ನು ತೆಗೆದು ನೋಡಿ. ಅಪ್ಪ ನಿವೃತ್ತಿಯ ದಿನ ಪಡೆದ ಗಡಿಯಾರವೋ ಅಜ್ಜನ ಕೈಯಲ್ಲಿದ್ದದ್ದೋ ಅಲ್ಲಿ ಮಲಗಿರಬಹುದು. ಅದು ಕಂಡರೆ ಮಾಡಬೇಕಾದದ್ದು ಇಷ್ಟೇ: ಬಲ್ಲ ರಿಪೇರಿಯವರಿಂದ ಒಳಗನ್ನು ಶುಚಿಮಾಡಿಸಿ, ಎಣ್ಣೆ ಹಾಕಿಸಿ. ಮುಖಕ್ಕೆ ಬಣ್ಣ ಬಳಿಸಬೇಡಿ. ಕೇಸಿನ ಗೀರುಗಳನ್ನು ಉಜ್ಜಿಸಬೇಡಿ. ಮಾಸಿದ ಮುಖವೇ ಅದು ಅಸಲೆಂಬುದಕ್ಕೆ ಸಾಕ್ಷಿ. ಒಮ್ಮೆ ಬಣ್ಣ ಬಳಿದರೆ ಆ ಸಾಕ್ಷಿಯನ್ನು ಯಾವ ಕುಶಲಿಯೂ ಮರಳಿ ತರಲಾರ.

ಮೊದಲ ಖರೀದಿ ಒಂದು ತಿಂಗಳ ಉಳಿತಾಯವನ್ನು ಮೀರದಿರಲಿ. ಅವಸರ ಬೇಡ, ಗಡಿಯಾರ ಕೊಳ್ಳುವವರಿಗೂ ಕಾಯುವ ತಾಳ್ಮೆ ಬೇಕು.