ನಾಯಿಮರಿಯನ್ನು ಕಾರಿನಲ್ಲಿ ತರುವಾಗ ಮಡಿಲಲ್ಲಿ ಕೂರಿಸಿಕೊಂಡರೆ ಸುರಕ್ಷಿತವೇ?

“ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಿ, ಮಡಿಲಲ್ಲಿ ಮಲಗಿಸಿಕೊಳ್ಳಿ, ವಾಂತಿ ಮಾಡಿದರೆ ಅರ್ಧ ಮಾತ್ರೆ ಕೊಡಿ.” ಹೊಸ ನಾಯಿಮರಿ ತರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಇದು. ಇದರಲ್ಲಿ ಎಷ್ಟು ನಿಜ, ಎಷ್ಟು ಅಪಾಯ ಎಂದು ನೋಡೋಣ.

ಚನ್ನಗಿರಿ ತಾಲೂಕಿನ ನಲ್ಲೂರು ಅಡಿಕೆ ತೋಟಗಳ ಸೀಮೆ. ಇಲ್ಲಿನ ತೋಟದ ಮನೆಗೆ ಒಂದು ಮುಧೋಳ ಮರಿ ತರಬೇಕು ಎಂದಿಟ್ಟುಕೊಳ್ಳಿ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ, ತಿಮ್ಮಾಪುರದಲ್ಲಿ. ಅಲ್ಲಿಂದ ನಲ್ಲೂರಿಗೆ ಅರ್ಧ ದಿನದ ದಾರಿ. ತಾಯಿಯನ್ನು ಬಿಟ್ಟು ಮರಿ ಕಳೆಯುವ ಮೊದಲ ದಿನವೇ ಇಷ್ಟು ದೂರದ ಪ್ರಯಾಣ. ದಾವಣಗೆರೆಯಿಂದ ತಂದರೆ ಸಮಯ ಕಡಿಮೆ, ಆದರೆ ಎಚ್ಚರಿಕೆ ಅಷ್ಟೇ ಬೇಕು.

ಮೊದಲು ವಯಸ್ಸು ಕೇಳಿ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೇಂದ್ರ ಸರ್ಕಾರದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳಲ್ಲೇ ಇದು ಇದೆ. ಲಸಿಕೆ ಕಾರ್ಡ್ ಮತ್ತು ಜಂತುಹುಳು ಔಷಧಿ ಕೊಟ್ಟ ದಿನಾಂಕ ಕೇಳಿ ಪಡೆಯಿರಿ. ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು ಸಿಕ್ಕರೆ ಅದನ್ನೂ ತನ್ನಿ. ಆ ವಾಸನೆ ಇದ್ದರೆ ಮರಿಯ ಗಾಬರಿ ಕಡಿಮೆಯಾಗುತ್ತದೆ.

ಮಡಿಲು ಸುರಕ್ಷಿತ: ತಪ್ಪು

ಲೆಕ್ಕ ಸರಳ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಮರಿಯ ತೂಕ 3 ಕಿಲೋ. ಎದುರಿಗೆ ಏನಕ್ಕಾದರೂ ಗುದ್ದಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಮರಿಯನ್ನು ಹಿಡಿದಿಡಲು ಸುಮಾರು 40 ಕಿಲೋ ಭಾರ ಹಿಡಿಯುವಷ್ಟು ಬಲ ಬೇಕು. ಯಾರ ಕೈಗೂ ಅದು ಸಾಧ್ಯವಿಲ್ಲ. ಮುಂದಿನ ಸೀಟಿನಲ್ಲಾದರೆ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ತೆರೆದು ಮರಿಯನ್ನೇ ಅಪ್ಪಳಿಸುತ್ತದೆ. ಡ್ರೈವರ್ ಮಡಿಲಲ್ಲಿದ್ದರೆ ಮರಿ ಜಾರಿ ಬ್ರೇಕ್ ಪೆಡಲ್ ಕೆಳಗೆ ಸೇರಬಹುದು.

ಸರಿಯಾದ ಜಾಗ ಎಂದರೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆ. ಪೆಟ್ ಕ್ಯಾರಿಯರ್ ಇಲ್ಲದಿದ್ದರೆ ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ಸಾಕು. ತಳಕ್ಕೆ ಹಳೆ ಪೇಪರ್, ಅದರ ಮೇಲೆ ಬಟ್ಟೆ ಹಾಸಿ, ಬಾಯಿಗೆ ಬಲೆ ಬಿಗಿಯಿರಿ. ಮುಂದಿನ ಸೀಟಿನ ಹಿಂಬದಿ ನೆಲದ ಮೇಲಿಟ್ಟು, ಸೀಟನ್ನು ಹಿಂದಕ್ಕೆ ಸರಿಸಿದರೆ ಕ್ರೇಟ್ ಅಲುಗಾಡುವುದಿಲ್ಲ. ಒಬ್ಬರು ಪಕ್ಕದಲ್ಲಿ ಕೂತು ಕೈ ಇಟ್ಟು ಮಾತನಾಡಿಸುತ್ತಿರಲಿ. ಗೋಣಿಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಹಾಕುವುದು ಮಾತ್ರ ಬೇಡವೇ ಬೇಡ. ಅಲ್ಲಿ ಗಾಳಿ ಇಲ್ಲ, ಸೆಕೆ ಹೆಚ್ಚು, ಮರಿ ಒದ್ದಾಡಿದರೂ ನಿಮಗೆ ಗೊತ್ತಾಗುವುದಿಲ್ಲ.

ಹೊಟ್ಟೆ ತುಂಬ ಹಾಲು: ತಪ್ಪು

ಮರಿಗಳ ಒಳಕಿವಿಯಲ್ಲಿ ಸಮತೋಲನ ಕಾಯುವ ಭಾಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಹಾಗಾಗಿ ತಿರುವು, ಹಂಪ್ ಬಂದಾಗ ಹೊಟ್ಟೆ ತೊಳಸುತ್ತದೆ. ತುಂಬಿದ ಹೊಟ್ಟೆಯಾದರೆ ವಾಂತಿ ಇನ್ನೂ ಹೆಚ್ಚು. ಹಸುವಿನ ಹಾಲಿನಲ್ಲಿ ನಾಯಿಯ ಹಾಲಿಗಿಂತ ಲ್ಯಾಕ್ಟೋಸ್ ಹೆಚ್ಚಿರುವುದರಿಂದ ಭೇದಿಯೂ ಆಗಬಹುದು. ಹೊರಡುವ ಎರಡು ಮೂರು ಗಂಟೆ ಮೊದಲು, ಮರಿಗೆ ರೂಢಿಯಿರುವ ಆಹಾರವನ್ನೇ ಸ್ವಲ್ಪ ಕೊಡಿ. ದಾರಿಯಲ್ಲಿ ಆಗಾಗ ಗುಟುಕು ನೀರು ಕುಡಿಸಿ. ಹಾಗೆಂದು ದಿನವಿಡೀ ಉಪವಾಸ ಕೆಡವಬೇಡಿ. ಪುಟ್ಟ ಮರಿಗಳ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ.

ಅರ್ಧ ಮಾತ್ರೆ: ಅಪಾಯ

ಮನುಷ್ಯರ ಮಾತ್ರೆಯನ್ನು ಅರ್ಧ ಮಾಡಿದ ಮಾತ್ರಕ್ಕೆ ಅದು ಮರಿಯ ಡೋಸ್ ಆಗುವುದಿಲ್ಲ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗಳಿಗೆ ವಿಷವಾಗಬಲ್ಲವು. ನಿದ್ದೆ ಮಾತ್ರೆಯೂ ಬೇಡ. ಔಷಧಿ ಬೇಕೆನಿಸಿದರೆ ಮೊದಲೇ ಪಶುವೈದ್ಯರನ್ನು ಕೇಳಿ.

ಐದೇ ನಿಮಿಷ ಟೀ ಕುಡಿದು ಬರುತ್ತೇವೆ: ಅಪಾಯ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ 50 ದಾಟಬಹುದು. ಕಿಟಕಿ ಎರಡು ಬೆರಳಷ್ಟು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸ ಆಗದು. ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗಲು ನಾಯಿಗೆ ಬರುವುದಿಲ್ಲ, ತೇಕುವುದೇ ಅದರ ಮುಖ್ಯ ದಾರಿ. ವಿಪರೀತ ತೇಕು, ಅಂಟಂಟು ಜೊಲ್ಲು, ತೂರಾಟ ಕಂಡರೆ ಮೈಗೆ ತಣ್ಣೀರು ಹಾಕಿ, ಎಸಿ ಅಥವಾ ಗಾಳಿ ಬಿಟ್ಟು, ನೇರ ಪಶು ಆಸ್ಪತ್ರೆಗೆ ಹೋಗಿ. ಪಶು ಸಂಜೀವಿನಿ ಸಹಾಯವಾಣಿ ಸಂಖ್ಯೆ 1962.

ಹೆಚ್ಚಿನವರು ಮರೆಯುವ ವಿಷಯ: ಪಾರ್ವೊ

ದಾರಿಯಲ್ಲಿ ಪೆಟ್ರೋಲ್ ಬಂಕ್, ಡಾಬಾ ಹತ್ತಿರ ಮರಿಯನ್ನು “ಉಚ್ಚೆ ಮಾಡಲಿ” ಎಂದು ಕೆಳಗೆ ಬಿಡುತ್ತೇವೆ. ಅಪಾಯ ಇರುವುದು ಅಲ್ಲೇ. ಪಾರ್ವೊ ವೈರಸ್ ಸೋಂಕಿತ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ 16 ವಾರಕ್ಕೆ ಮುಗಿಯುತ್ತದೆ. ಅಂದರೆ ಎಂಟು ವಾರದ ಮರಿಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ದಾರಿಯಲ್ಲಿ ನಿಂತಾಗಲೂ ಬಾಗಿಲು ಮುಚ್ಚಿ, ಕಾರಿನೊಳಗೇ ಪೇಪರ್ ಹಾಸಿ ಉಚ್ಚೆ ಮಾಡಿಸಿ. ಮನೆಗೆ ಬಂದ ಒಂದು ವಾರದೊಳಗೆ ವಾಂತಿ, ರಕ್ತಭೇದಿ ಕಾಣಿಸಿದರೆ ಒಂದು ರಾತ್ರಿಯೂ ಕಾಯಬೇಡಿ.

ಮಕ್ಕಳ ವಿಷಯದಲ್ಲೂ ಎಚ್ಚರ. ಮರಿಯ ಹಾಲುಹಲ್ಲು ಸೂಜಿಯಷ್ಟು ಚೂಪು. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. ಮರಿಯಿಂದ ರೇಬಿಸ್ ಬರುವುದಿಲ್ಲ ಎಂಬುದು ಸುಳ್ಳು. ಮರಿಗೆ ರೇಬಿಸ್ ಲಸಿಕೆ ಹಾಕಿಸುವುದೇ ಮೂರು ತಿಂಗಳ ನಂತರ.

ಒಟ್ಟಿನಲ್ಲಿ ಮೂರು ಮಾತು ನೆನಪಿಡಿ: ಮರಿ ಪೆಟ್ಟಿಗೆಯಲ್ಲಿರಲಿ, ಹೊಟ್ಟೆ ಹಗುರವಾಗಿರಲಿ, ಮನೆ ಮುಟ್ಟುವವರೆಗೆ ಕಾಲು ನೆಲಕ್ಕೆ ತಾಗದಿರಲಿ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಮರಿ ತರಲು ಹೊರಟಿದ್ದರೆ, ಅವರು ಕಾರು ಹತ್ತುವ ಮೊದಲೇ ಇದನ್ನು ಕಳಿಸಿ.