ಎಳೆಯ ಹ್ಯಾಟೆಗಳೂ ಬಯಲ ಅಂಗಳವೂ

ಚಿತ್ರದುರ್ಗದ ಕೋಟೆಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಇವುಗಳ ನಡುವಣ ಕಣಿವೆಯಾದ ಚಂದ್ರವಳ್ಳಿಯು ಚರಿತ್ರೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಸ್ಥಳ. ಕದಂಬ ಮಯೂರಶರ್ಮನ ಕೆರೆಯ ಶಾಸನ ಇಲ್ಲಿಯ ಬಂಡೆಯ ಮೇಲಿದೆ. ಡಾ. ಎಂ. ಹೆಚ್. ಕೃಷ್ಣ ಅವರೂ ಅನಂತರ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಸಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ದೊರೆತುವು. ರಾಜರ ಕೆರೆಯನ್ನೂ ವರ್ತಕರ ನಾಣ್ಯವನ್ನೂ ಕುರಿತು ನಾವು ಬೇಕಾದಷ್ಟು ಬರೆದಿದ್ದೇವೆ. ಆದರೆ ಆ ಕೆರೆಯ ನೀರನ್ನು ಹೊತ್ತ ಹೆಂಗಸಿನ ಮನೆಯ ಹಿತ್ತಲನ್ನು ಕುರಿತು ಬರೆದದ್ದು ಅತ್ಯಲ್ಪ. ಪ್ರಸ್ತುತ ಲೇಖನದಲ್ಲಿ ಆ ಹಿತ್ತಲಿನ ಒಂದು ಸಣ್ಣ ಸಮಸ್ಯೆಯನ್ನು ತೆಗೆದುಕೊಂಡು, ಅದರ ಹಿಂದಿರುವ ದೀರ್ಘವಾದ ಚರಿತ್ರೆಯನ್ನು ನಿರೂಪಿಸಲು ಯತ್ನಿಸಿದ್ದೇವೆ. ಗೂಡಿನ ಬಾಗಿಲು ತೆರೆದಿದ್ದರೂ ಎಳೆಯ ಹ್ಯಾಟೆಗಳು ಹೊರಗಿನ ಅಂಗಳಕ್ಕೆ ಬಾರದೆ ಒಳಗೇ ನಿಲ್ಲುವುದು ಏಕೆ, ಅವುಗಳನ್ನು ಹೊರಗೆ ಬರುವಂತೆ ಮಾಡುವುದು ಹೇಗೆ ಎಂಬುದೇ ಆ ಸಮಸ್ಯೆ.

೧. ಪ್ರಶ್ನೆಯ ಸ್ವರೂಪ

ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ಸರಿಯಲ್ಲ. ಮಳೆ ಕಡಮೆಯಾದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಕೈಯಲ್ಲಿ ಉಳಿಯುವುದು ಕುರಿ, ಎಮ್ಮೆ, ಕೋಳಿ ಮಾತ್ರ. ಇವುಗಳಲ್ಲಿ ಕೋಳಿಯ ಹಣ ಸಾಮಾನ್ಯವಾಗಿ ಮನೆಯ ಹೆಂಗಸಿನದು; ಮಗುವಿನ ಪುಸ್ತಕಕ್ಕೂ ಔಷಧಕ್ಕೂ ಆಗುವುದು ಅದೇ. ಈ ಲೆಕ್ಕ ನಿಂತಿರುವುದು ಒಂದೇ ಆಧಾರದ ಮೇಲೆ: ಕೋಳಿಯು ತನ್ನ ಮೇವಿನ ದೊಡ್ಡ ಪಾಲನ್ನು ತಾನೇ ಹೊರಗೆ ಕೆದರಿ ಸಂಪಾದಿಸಿಕೊಳ್ಳಬೇಕು. ಅದು ಗೂಡಿನಲ್ಲೇ ನಿಂತರೆ ಮೇವನ್ನು ಕೊಂಡು ಹಾಕಬೇಕು. ಕೊಂಡು ಹಾಕಿದರೆ ಲಾಭವಿಲ್ಲ. ಲಾಭವಿಲ್ಲದ ಕೋಳಿ ಸಂತೆಗೆ ಹೋಗುತ್ತದೆ. ಹೀಗೆ ಹೊಸ್ತಿಲು ದಾಟದ ಹ್ಯಾಟೆಯೊಡನೆ ಆ ಗೃಹಿಣಿಯ ಸ್ವಂತ ಸಂಪಾದನೆಯೂ ಮುಗಿಯುತ್ತದೆ.

ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ನಾಟಿಕೋಳಿ ತಾನೇ ಕಾವು ಕೂತು ಮರಿ ಮಾಡಿ, ಅವುಗಳನ್ನು ಹಿಂದಿಟ್ಟುಕೊಂಡು ತಿರುಗಿ, ಯಾವುದು ತಿನ್ನತಕ್ಕದ್ದು, ಯಾವುದಕ್ಕೆ ಅಡಗತಕ್ಕದ್ದು ಎಂಬುದನ್ನು ಕಲಿಸುತ್ತಿತ್ತು. ೧೯೮೦ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಿಗೆಂದೇ ಗಿರಿರಾಜ ತಳಿಯನ್ನು ಬೆಳೆಸಿದರು. ಅನಂತರ ಸ್ವರ್ಣಧಾರವೂ ಬಂದಿತು. ನಾಟಿಕೋಳಿಗಿಂತ ಹೆಚ್ಚು ತೂಗುವ, ಹೆಚ್ಚು ಮೊಟ್ಟೆಯಿಡುವ ಇವು ಬಡವರ ಮನೆಗೆ ಉಪಕಾರ ಮಾಡಿವೆಯೆಂಬುದು ನಿರ್ವಿವಾದ. ಆದರೆ ಇವುಗಳ ಮರಿಗಳು ಯಂತ್ರದ ಕಾವಿನಲ್ಲಿ ಒಡೆದು, ದೀಪದ ಬಿಸಿಯಲ್ಲಿ ಬೆಳೆದು ಬರುತ್ತವೆ. ಆಹಾರವುಂಟು, ಲಸಿಕೆಯುಂಟು, ತಾಯಿಯಿಲ್ಲ.

೨. ವನಚರದ ಪೂರ್ವವೃತ್ತಾಂತ

ಸಾಕಿದ ಕೋಳಿಯ ಮೂಲವು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಮೊಹೆಂಜೊದಾರೊವಿನ ಕಾಲಕ್ಕೇ ಅದು ಸಾಕುಪ್ರಾಣಿಯಾಗಿತ್ತೆಂದು ಹಿಂದೆ ಭಾವಿಸಿದ್ದರು. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ನಿಸ್ಸಂದೇಹವಾಗಿ ಸಾಕುಕೋಳಿಯದೆನ್ನಬಹುದಾದ ಅತಿ ಪ್ರಾಚೀನ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯವು. ಅವುಗಳ ಕಾಲ ಕ್ರಿ.ಪೂ. ೧೬೫೦ರಿಂದ ೧೨೫೦ರ ನಡುವೆ. ಮನುಷ್ಯನು ಕಾಡಿನ ಅಂಚಿನಲ್ಲಿ ಧಾನ್ಯ ಬೆಳೆಯತೊಡಗಿದಾಗ ಚೆಲ್ಲಿದ ಕಾಳಿಗೆ ಆ ಹಕ್ಕಿ ತಾನಾಗಿಯೇ ಬಂದಿತೆಂದು ಆ ವಿದ್ವಾಂಸರ ಅಭಿಪ್ರಾಯ. ದಕ್ಷಿಣ ಭಾರತಕ್ಕೂ ಇದರಲ್ಲಿ ಪಾಲುಂಟು. ಸಾಕುಕೋಳಿಯ ಹಳದಿ ಕಾಲಿನ ಗುಣವು ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ನಮ್ಮ ಪರ್ಯಾಯದ್ವೀಪದ ಬೂದು ಕಾಡುಕೋಳಿಯ ಸಂಕರದಿಂದ ಬಂದುದೆಂದು ೨೦೦೮ರ ಅನುವಂಶೀಯ ಸಂಶೋಧನೆಯೊಂದು ತೋರಿಸಿತು.

ಈ ವೃತ್ತಾಂತದಲ್ಲಿ ನಮಗೆ ಮುಖ್ಯವಾದ ಅಂಶವೊಂದಿದೆ. ಕಾಡುಕೋಳಿ ಬಯಲಿನ ಹಕ್ಕಿಯಲ್ಲ. ಪೊದೆಯಿಂದ ಪೊದೆಗೆ ಸರಿಯುತ್ತ ಮೇಯುವುದು, ತರಗೆಲೆಯನ್ನು ಕೆದರುವುದು, ರಾತ್ರಿ ಕೊಂಬೆಯೇರುವುದು ಅದರ ಕ್ರಮ. ಅದರ ಶತ್ರುಗಳಲ್ಲಿ ಗಿಡುಗ ಹದ್ದುಗಳು ಆಕಾಶದಿಂದ ಬರುವುವು. ಆಕಾಶದ ಶತ್ರುವಿಗೆ ಒಂದು ಕೂಗು, ನೆಲದ ಶತ್ರುವಿಗೆ ಬೇರೊಂದು ಕೂಗು ಕೋಳಿಯಲ್ಲಿ ಇಂದಿಗೂ ಉಳಿದಿದೆ. ಸಹಸ್ರಾರು ವರ್ಷ ಮನುಷ್ಯನೊಡನೆ ಬಾಳಿದರೂ ಬರಿಯ ಆಕಾಶದ ಭಯ ಅದರಿಂದ ತೊಲಗಿಲ್ಲ.

ನಮ್ಮ ಸಾಹಿತ್ಯದಲ್ಲಿಯೂ ಕೋಳಿಯು ಅಲ್ಪ ವಸ್ತುವಲ್ಲ. ಕ್ರಿ.ಶ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಕಥೆಯೆಲ್ಲ ಹಿಟ್ಟಿನ ಕೋಳಿಯೊಂದರ ಬಲಿಯಿಂದ ಹೊರಡುತ್ತದೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ ಅಜ್ಜಿಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಗ್ರಾಂಥಿಕ ಭಾಷೆಯ ‘ಹೇಂಟೆ’ಯೇ ನಮ್ಮ ಸೀಮೆಯ ಆಡುಮಾತಿನಲ್ಲಿ ‘ಹ್ಯಾಟೆ’ಯಾಗಿದೆ.

೩. ಹಳೆಯ ಹಿತ್ತಲು, ಹೊಸ ಬೇಲಿ

ಹಳೆಯ ಹಿತ್ತಲನ್ನು ನೆನೆಯೋಣ. ಅಲ್ಲಿ ಒಂದು ಬಣವೆ, ಒಂದು ತಿಪ್ಪೆ, ಮೂಕಿಯೂರಿ ನಿಂತ ಗಾಡಿ, ಕಳ್ಳಿಯ ಬೇಲಿ, ಬಚ್ಚಲ ನೀರು ಹರಿದು ಬೆಳೆದ ಬಾಳೆ, ಒಂದು ಬೇವಿನ ಮರ. ಕೋಳಿಯ ಕಣ್ಣಿಗೆ ಇದು ಸಣ್ಣದೊಂದು ಕಾಡು. ಎಲ್ಲಿ ನಿಂತರೂ ಹತ್ತು ಹೆಜ್ಜೆಯೊಳಗೆ ಅಡಗುದಾಣವುಂಟು. ಇಂದಿನ ಅಂಗಳವೋ ಗುಡಿಸಿ ಹಸನುಮಾಡಿದ, ತಂತಿಯ ಬಲೆ ಸುತ್ತಿದ ಬೋಳು ನೆಲ. ಮನುಷ್ಯನಿಗೆ ಇದು ಸ್ವಾತಂತ್ರ್ಯದಂತೆ ತೋರುವುದು; ಹ್ಯಾಟೆಗೆ ಮರೆಯಿಲ್ಲದ ಅಪಾಯದಂತೆ ತೋರುವುದು.

ಪಾಶ್ಚಾತ್ಯ ದೇಶಗಳ ಅನುಭವವೂ ಇದೇ. ಯೂರೋಪಿನ ಒಕ್ಕೂಟದಲ್ಲಿ ೧೯೯೯ರ ಶಾಸನದಂತೆ ೨೦೧೨ರಿಂದ ಹಳೆಯ ಬಗೆಯ ಇಕ್ಕಟ್ಟಿನ ಪಂಜರಗಳು ನಿಷಿದ್ಧವಾದುವು. ಬಯಲಲ್ಲಿ ಸಾಕಿದ ಕೋಳಿಯೆನ್ನಬೇಕಾದರೆ ಒಂದೊಂದಕ್ಕೂ ೪ ಚದರ ಮೀಟರ್ ಹೊರನೆಲವಿರಬೇಕೆಂಬ ನಿಯಮವೂ ಅಲ್ಲಿದೆ. ಆದರೆ ನೆಲವನ್ನು ಕೊಟ್ಟ ಮಾತ್ರಕ್ಕೆ ಎಲ್ಲ ಕೋಳಿಗಳೂ ಹೊರಗೆ ಬರಲಿಲ್ಲ. ಬಂದವೂ ಗೋಡೆಯ ಬಳಿಯೇ ನಿಂತುವು. ಗಿಡಮರಗಳನ್ನು ಬೆಳೆಸಿದ ಕಡೆ, ಹಿಂಡು ಚಿಕ್ಕದಾಗಿದ್ದ ಕಡೆ, ಎಳವೆಯಲ್ಲೇ ಹೊರಗೆ ಬಿಟ್ಟ ಕಡೆ ಹೆಚ್ಚಾಗಿ ಬಂದುವೆಂದು ಪರೀಕ್ಷಕರು ಕಂಡುಕೊಂಡಿದ್ದಾರೆ.

ನಮ್ಮ ಸ್ವಂತ ಅನುಭವವನ್ನು ಹೇಳುವುದು ಇಲ್ಲಿ ಅಪ್ರಸ್ತುತವಾಗಲಾರದು. ನಮ್ಮ ಮನೆಗೆ ತಂದ ಎಂಟು ಎಳೆಯ ಹ್ಯಾಟೆಗಳು ವಾರವಾದರೂ ಗೂಡಿನ ಹೊಸ್ತಿಲು ದಾಟಲಿಲ್ಲ. ನಾವು ಪೊರಕೆ ಹಿಡಿದು ಹೊರಗಟ್ಟಿದೆವು; ಅವು ಇನ್ನೂ ಬೆದರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುವು, ಒಂದು ಸತ್ತಿತು. ಅದನ್ನು ನೋಡಿದ ನೆರೆಮನೆಯ ಮುದುಕಿ, “ಮೇಷ್ಟ್ರೇ, ಬಯಲು ತೋರಿಸಿದ್ರೆ ಕೋಳಿ ಬರಲ್ಲ, ನೆಳ್ಳು ತೋರಿಸಿ” ಎಂದಳು. ಅವಳೇ ತೊಗರಿಕಡ್ಡಿಯ ಕಟ್ಟುಗಳನ್ನು ತಂದು ಬಾಗಿಲಿನಿಂದ ಬೇಲಿಯವರೆಗೆ ಅಲ್ಲಲ್ಲಿ ಗುಡಾರದಂತೆ ಒರಗಿಸಿ, ತನ್ನದೊಂದು ಹಳೆಯ ಹ್ಯಾಟೆಯನ್ನು ಒಳಗೆ ಬಿಟ್ಟಳು. ಮೂರನೆಯ ದಿನ ಏಳೂ ಹೊರಗಿದ್ದುವು. ಗ್ರಂಥಗಳಲ್ಲಿ ನಾವು ಅನಂತರ ಓದಿದ್ದನ್ನು ಅವಳು ಓದದೆಯೇ ಬಲ್ಲವಳಾಗಿದ್ದಳು.

೪. ಅನುಸರಿಸತಕ್ಕ ಕ್ರಮ

ಮೇಲಿನ ವಿಚಾರದಿಂದ ಹೊರಡುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಹೊಸದಾಗಿ ತಂದ ಹ್ಯಾಟೆಗಳನ್ನು ಮೊದಲು ಕೆಲವು ದಿನ ಗೂಡಿನಲ್ಲೇ ಇಟ್ಟು, ಅದೇ ತಮ್ಮ ಮನೆಯೆಂಬ ಪರಿಚಯವಾಗಲು ಬಿಡಬೇಕು. ಇಲ್ಲವಾದರೆ ಸಂಜೆ ಹಿಂದಿರುಗಲಾರವು. ಗೂಡಿನ ಒಳಗೆ ಕತ್ತಲೆ ದಟ್ಟವಾಗಿದ್ದರೆ ಹೊರಗಿನ ಬಿಸಿಲು ಕಣ್ಣು ಕುಕ್ಕುವುದು. ಆದುದರಿಂದ ಒಳಗೆ ಬೆಳಕಿರಬೇಕು, ಬಾಗಿಲ ಮುಂದೆ ನೆರಳಿನ ಚಪ್ಪರವಿರಬೇಕು. ಬಾಗಿಲು ಎರಡಿದ್ದರೆ ಲೇಸು. ಕೋಳಿಗಳಲ್ಲಿ ಮೇಲು ಕೀಳಿನ ಕಟ್ಟು ಬಲವಾಗಿರುವುದನ್ನು ನಾರ್ವೆಯ ಷೆಲ್ಡೆರಪ್ ಎಬ್ಬೆ ೧೯೨೧ರಷ್ಟು ಹಿಂದೆಯೇ ವಿವರಿಸಿದನು. ಬಾಗಿಲು ಒಂದೇ ಆದರೆ ಜೋರಿನ ಹ್ಯಾಟೆ ಅಲ್ಲಿ ನಿಂತು ಉಳಿದುವನ್ನು ತಡೆಯುವುದು.

ಮರೆಯನ್ನು ಬಾಗಿಲಿನ ಹತ್ತಿರದಿಂದ ಆರಂಭಿಸಿ ದೂರಕ್ಕೆ ಮುಂದುವರಿಸಬೇಕು. ತೊಗರಿಕಡ್ಡಿ, ತೆಂಗಿನ ಗರಿ, ಹಳೆಯ ಚಾಪೆ ತಾತ್ಕಾಲಿಕಕ್ಕೆ ಸಾಕು. ಹೊಂಗೆ, ಬೇವು, ನುಗ್ಗೆ ಶಾಶ್ವತಕ್ಕೆ. ಹೊಸದುರ್ಗ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ತೆಂಗು ಅಡಕೆಯ ನೆರಳೇ ಈ ಕೆಲಸ ಮಾಡುವುದು. ಸಮತೋಲನದ ಮೇವು ಒಳಗಿರಲಿ. ಆದರೆ ಒಂದು ಹಿಡಿ ರಾಗಿ ಜೋಳವನ್ನೂ ಸೊಪ್ಪನ್ನೂ ಹೊರಗಿನ ಮರೆಗಳಲ್ಲಿ ದಿನವೂ ಒಂದೇ ಹೊತ್ತಿಗೆ, ಒಂದೇ ಬಗೆಯ ಕೂಗಿನೊಡನೆ ಚೆಲ್ಲಬೇಕು. ಒಂದು ಮೂಲೆಯಲ್ಲಿ ಬೂದಿ ಬೆರೆತ ಸಡಿಲ ಮಣ್ಣಿದ್ದರೆ ಧೂಳಿನ ಸ್ನಾನಕ್ಕೆ ಅವು ತಾವಾಗಿಯೇ ಬರುವುವು. ಅನುಭವವುಳ್ಳ ಹ್ಯಾಟೆಯನ್ನೋ ಹುಂಜವನ್ನೋ ಜೊತೆಗೆ ಬಿಡುವುದು ಎಲ್ಲಕ್ಕಿಂತ ಬಲವಾದ ಉಪಾಯ. ನೆಲ ಬೋಳಾದರೆ ಕೆದರಲು ಏನೂ ಉಳಿಯದು. ಅಂಗಳವನ್ನು ಎರಡು ಭಾಗ ಮಾಡಿ ಸರದಿಯಂತೆ ವಿಶ್ರಾಂತಿ ಕೊಡುವುದು ಯುಕ್ತ.

ಎರಡು ಎಚ್ಚರಿಕೆಗಳನ್ನು ಮರೆಯಲಾಗದು. ಕೋಳಿಗೆ ಬೆವರಿಲ್ಲ, ಬೇಸಗೆಯ ನಡುಹಗಲಲ್ಲಿ ಅದು ಬಾಯ್ದೆರೆದು ನೆರಳಲ್ಲಿ ನಿಂತರೆ ಅದು ಹಟವಲ್ಲ, ವಿವೇಕ. ಬೆಳಗಿನ ತಂಪೂ ಸಂಜೆಯ ತಂಪೂ ಅದರ ಸಂಚಾರದ ಕಾಲ. ಮತ್ತು ದಿನವೂ ಹೊರಗೆ ಹೋಗುತ್ತಿದ್ದ ಹ್ಯಾಟೆ ಹಠಾತ್ತನೆ ಒಳಗೆ ಉಳಿದರೆ ರೋಗವನ್ನು ಶಂಕಿಸಬೇಕು. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದೆ ಹೊರಗೆ ಬಿಡುವುದು ಹಿಂಡನ್ನೇ ಪಣವಾಗಿ ಒಡ್ಡಿದಂತೆ. ಸಂಜೆ ಕೋಳಿಗೆ ಕಣ್ಣು ಮಂದವಾಗುವುದರಿಂದ ಅದು ತಾನೇ ಗೂಡಿಗೆ ಮರಳುವುದು. ಎಣಿಸಿ ಬಾಗಿಲು ಭದ್ರಮಾಡುವುದಷ್ಟೇ ನಮ್ಮ ಪಾಲಿನದು.

೫. ಉಪಸಂಹಾರ

ಹ್ಯಾಟೆ ಹೊರಗೆ ಬಾರದಿರುವುದು ಸೋಮಾರಿತನವಲ್ಲ, ಅದರ ಚರಿತ್ರೆಯ ಫಲ ಎಂಬುದು ಇದರಿಂದ ವಿದಿತವಾಗುತ್ತದೆ. ಬಲಾತ್ಕಾರದಿಂದ ಹೊರದೂಡಿದರೆ ಭಯ ಹೆಚ್ಚುವುದು. ಮರೆ, ಮೇವು, ಮಾರ್ಗದರ್ಶನ ಈ ಮೂರನ್ನೂ ಒದಗಿಸಿದರೆ ಅದು ತಾನೇ ಹೊಸ್ತಿಲು ದಾಟುವುದು. ತಾಯಿಕೋಳಿಯು ಕಲಿಸುತ್ತಿದ್ದ ವಿದ್ಯೆ ಯಂತ್ರದ ಕಾವಿನಲ್ಲಿ ಕಳೆದುಹೋಗಿದೆ. ಅದನ್ನು ಬಲ್ಲ ಮುದುಕಿಯರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಶಾಸನದ ಅಕ್ಷರ ಸವೆಯುವುದಕ್ಕೆ ಮೊದಲು ಪಡಿಯಚ್ಚು ತೆಗೆಯುವ ನಾವು, ಅವರ ಮಾತನ್ನೂ ಅದೇ ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುವುದು ಉಚಿತ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿತ್ತಲಿನಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.